ಶ್ರೋತೃವಿನ ನ್ಯಾಸ

ವ್ಯವಹಾರದಲ್ಲಿ ಸಂಬಂಧಗಳು ಆರಂಭವಾಗುವುದೂ ಮುಗಿಯುವುದೂ ಸಹಜ. ಏಜೆನ್ಸಿ ಕೈಬದಲಾಗುತ್ತದೆ, ಪಾಲುದಾರಿಕೆ ವಿಸರ್ಜನೆಗೊಳ್ಳುತ್ತದೆ, ಬಾಡಿಗೆಯ ಕರಾರು ಅವಧಿ ತುಂಬಿ ಕೊನೆಗಾಣುತ್ತದೆ. ಜಮಾ-ಖರ್ಚು ತಾಳೆಯಾಗಿ ಬಾಕಿ ಚುಕ್ತಾ ಆದ ದಿನ ಉಭಯ ಪಕ್ಷದವರೂ ಪರಸ್ಪರ ಕೈಮುಗಿದು ಬೇರೆಯಾದರೆ ಅದನ್ನು ಯಾರೂ ಅಧರ್ಮವೆನ್ನುವುದಿಲ್ಲ. ಆದರೆ ಎಷ್ಟೋ ಕರಾರುಗಳಲ್ಲಿ ಸಹಿ ಹಾಕದ ಮೂರನೆಯವನೊಬ್ಬನು ಇರುತ್ತಾನೆ. ಕರಾರಿನಲ್ಲಿ ಅವನ ಹೆಸರಿಲ್ಲ. ಆದರೆ ಅದನ್ನು ನಂಬಿಯೇ ಅವನು ತನ್ನ ದಿನಚರಿಯನ್ನು ರೂಪಿಸಿಕೊಂಡಿರುತ್ತಾನೆ. ಸಹಿ ಹಾಕಿದವರಿಬ್ಬರೂ ಬೇರೆಯಾದ ದಿನ ಈ ಮೂರನೆಯವನ ಲೆಕ್ಕವನ್ನು ಯಾವ ಖಾತೆಯಲ್ಲಿ ಬರೆಯಬೇಕು? ಅವನಿಗೆ ಸಲ್ಲಬೇಕಾದ ಬಾಕಿ ಏನಾದರೂ ಉಂಟೇ? ಈ ಪ್ರಶ್ನೆಯನ್ನು ಪರಿಶೀಲಿಸಲು ದೂರದೇಶದ ಒಂದು ಉದಾಹರಣೆ ಬಹಳ ಅನುಕೂಲವಾಗಿದೆ. ಅಮೆರಿಕೆಯ ಊರೂರುಗಳಲ್ಲಿರುವ ಕ್ರೀಡಾ ರೇಡಿಯೋ ಕೇಂದ್ರಗಳು ತಮ್ಮ ರಾಷ್ಟ್ರೀಯ ಜಾಲವನ್ನು ಬದಲಿಸಿಕೊಳ್ಳುವ ರೀತಿಯೇ ಆ ಉದಾಹರಣೆ.

ಕೇಂದ್ರ ಮತ್ತು ಜಾಲ

ಅಮೆರಿಕೆಯಲ್ಲಿ ರೇಡಿಯೋ ಬಹುಮಟ್ಟಿಗೆ ಖಾಸಗಿ ಉದ್ಯಮ. ಇಡೀ ದಿನ ಆಟಗಳ ಕುರಿತೇ ಮಾತನಾಡುವ ಕೇಂದ್ರವೊಂದು ನಡೆದೀತೆಂದು ಮೊದಲು ಹಲವರು ನಂಬಿರಲಿಲ್ಲ. 1987ರ ಜುಲೈ 1ರಂದು ನ್ಯೂಯಾರ್ಕಿನಲ್ಲಿ ಡಬ್ಲ್ಯೂ.ಎಫ್.ಎ.ಎನ್. ಕೇಂದ್ರವು ಆರಂಭವಾಗಿ ಆ ಸಂಶಯವನ್ನು ಅಳಿಸಿತು. ಅನಂತರ ರಾಷ್ಟ್ರವ್ಯಾಪಿ ಜಾಲಗಳು ಹುಟ್ಟಿದವು: 1992ರ ಜನವರಿಯಲ್ಲಿ ಇ.ಎಸ್.ಪಿ.ಎನ್. ರೇಡಿಯೋ, 2000ದಲ್ಲಿ ಫಾಕ್ಸ್ ಸ್ಪೋರ್ಟ್ಸ್ ರೇಡಿಯೋ, 2012ರಲ್ಲಿ ಎನ್.ಬಿ.ಸಿ. ಸ್ಪೋರ್ಟ್ಸ್ ರೇಡಿಯೋ, 2013ರ ಜನವರಿಯಲ್ಲಿ ಪೂರ್ಣಪ್ರಮಾಣದ ಸಿ.ಬಿ.ಎಸ್. ಸ್ಪೋರ್ಟ್ಸ್ ರೇಡಿಯೋ.

ಊರಿನ ಕೇಂದ್ರಕ್ಕೆ ಇಪ್ಪತ್ತನಾಲ್ಕು ಗಂಟೆಯೂ ತನ್ನವರಿಂದಲೇ ಮಾತನಾಡಿಸುವ ಶಕ್ತಿ ಇರುವುದಿಲ್ಲ. ಜನ ಕಾರಿನಲ್ಲಿ ಕಚೇರಿಗೆ ಹೋಗಿಬರುವ ಬೆಳಗ್ಗೆ ಮತ್ತು ಸಂಜೆಯ ಹೊತ್ತಿನಲ್ಲಿ ಊರಿನ ದನಿ, ರಾತ್ರಿ ಮತ್ತು ವಾರಾಂತ್ಯದಲ್ಲಿ ಜಾಲದ ದನಿ ಎಂಬುದು ಸಾಮಾನ್ಯ ಏರ್ಪಾಡು. ಇದಕ್ಕೆ ಅನೇಕ ವೇಳೆ ನಗದು ಸಂದಾಯವಿಲ್ಲ, ನಡೆಯುವುದು ವಿನಿಮಯ. ಜಾಲವು ಕಾರ್ಯಕ್ರಮ ಕೊಡುತ್ತದೆ, ಕೇಂದ್ರವು ಪ್ರತಿ ಗಂಟೆಯಲ್ಲಿ ಕೆಲವು ನಿಮಿಷಗಳನ್ನು ಜಾಲದ ಜಾಹೀರಾತಿಗೆ ಬಿಟ್ಟುಕೊಡುತ್ತದೆ. ಆ ಜಾಹೀರಾತುಗಳು ನಿಜವಾಗಿಯೂ ಪ್ರಸಾರವಾದವೆಂದು ಕೇಂದ್ರವು ಬರೆದು ದೃಢೀಕರಿಸಬೇಕು. ವರ್ತಕನ ಕಣ್ಣಿಗೆ ಇದರ ತಿರುಳು ಕೂಡಲೇ ಹೊಳೆಯುತ್ತದೆ. ಇಲ್ಲಿ ಕೊಡು-ಕೊಳ್ಳುವ ಸರಕು ಕಾರ್ಯಕ್ರಮವೂ ಅಲ್ಲ, ನಿಮಿಷವೂ ಅಲ್ಲ. ಆ ನಿಮಿಷಕ್ಕೆ ಬೆಲೆ ಬಂದಿರುವುದು ಅದನ್ನು ಕೇಳುವವರು ಇರುವುದರಿಂದ. ಶ್ರೋತೃವಿನ ಕಿವಿಯೇ ನಾಣ್ಯ. ಆದರೆ ಆ ನಾಣ್ಯದ ಒಡೆಯನಿಗೆ ಮಾತುಕತೆಯಲ್ಲಿ ಸ್ಥಾನವಿಲ್ಲ.

ಈ ಸಂಬಂಧಗಳು ಸ್ಥಿರವಲ್ಲ. ಒಂದೇ ಜಾಲವು ಮೊದಲು ಒನ್ ಆನ್ ಒನ್ ಸ್ಪೋರ್ಟ್ಸ್ ಎಂದಿದ್ದು, 2001ರಲ್ಲಿ ಸ್ಪೋರ್ಟಿಂಗ್ ನ್ಯೂಸ್ ರೇಡಿಯೋ, 2011ರಲ್ಲಿ ಯಾಹೂ ಸ್ಪೋರ್ಟ್ಸ್ ರೇಡಿಯೋ, 2016ರಲ್ಲಿ ಎಸ್.ಬಿ. ನೇಷನ್ ರೇಡಿಯೋ, 2020ರಲ್ಲಿ ಸ್ಪೋರ್ಟ್ಸ್‌ಮ್ಯಾಪ್ ಎಂದು ಹೆಸರು ಬದಲಿಸುತ್ತ ಬಂದಿತು. ಎನ್.ಬಿ.ಸಿ. ಸ್ಪೋರ್ಟ್ಸ್ ರೇಡಿಯೋ 2020ರಲ್ಲಿ ನಿಂತೇ ಹೋಯಿತು. ಸಿ.ಬಿ.ಎಸ್. ಸ್ಪೋರ್ಟ್ಸ್ ರೇಡಿಯೋ 2024ರಲ್ಲಿ ಇನ್ಫಿನಿಟಿ ಸ್ಪೋರ್ಟ್ಸ್ ನೆಟ್‌ವರ್ಕ್ ಆಯಿತು. ಆದುದರಿಂದ ಜಾಲವನ್ನು ಬದಲಿಸಿದ ಪ್ರತಿಯೊಂದು ಕೇಂದ್ರವನ್ನೂ ಚಂಚಲವೆಂದು ದೂಷಿಸುವುದು ನ್ಯಾಯವಲ್ಲ. ಆಸರೆಯಾಗಿದ್ದ ಮರವೇ ಬಿದ್ದರೆ ಬಳ್ಳಿ ಬೇರೆ ಮರವನ್ನು ಹುಡುಕಲೇಬೇಕು.

ನ್ಯೂಯಾರ್ಕಿನ 880

2024ರ ಆಗಸ್ಟ್ ತಿಂಗಳಲ್ಲಿ ನಡೆದ ಒಂದು ಬದಲಾವಣೆ ಎಲ್ಲಕ್ಕಿಂತ ಹೆಚ್ಚು ಗಮನಾರ್ಹವಾದುದು. ನ್ಯೂಯಾರ್ಕಿನಲ್ಲಿ ಇ.ಎಸ್.ಪಿ.ಎನ್. ಕ್ರೀಡಾ ಕೇಂದ್ರವು 2012ರಿಂದ 98.7 ಎಫ್.ಎಂ. ತರಂಗವನ್ನು ಗುತ್ತಿಗೆಯ ಮೇಲೆ ಬಳಸುತ್ತಿತ್ತು. ಆ ಗುತ್ತಿಗೆ 2024ರ ಆಗಸ್ಟ್ 31ಕ್ಕೆ ಮುಗಿಯುವುದಿತ್ತು. ಕೇಂದ್ರವನ್ನು ನಡೆಸುತ್ತಿದ್ದ ಸಂಸ್ಥೆಯ ಹೆಸರು ಗುಡ್ ಕರ್ಮ ಬ್ರಾಂಡ್ಸ್, ಅಂದರೆ ‘ಸತ್ಕರ್ಮ’. ಸ್ಥಾಪಕ ಕ್ರೇಗ್ ಕರ್ಮಜಿನ್ ಅವರ ಉಪನಾಮದಲ್ಲಿಯೇ ಆ ಪದ ಅಡಗಿದೆ. ಅದೇ ನಗರದಲ್ಲಿ 880 ಕಿಲೋಹರ್ಟ್ಸ್ ತರಂಗದಲ್ಲಿ ಡಬ್ಲ್ಯೂ.ಸಿ.ಬಿ.ಎಸ್. ಎಂಬ ಕೇಂದ್ರವು 1967ರ ಆಗಸ್ಟ್ 28ರಿಂದ ಸುದ್ದಿಯನ್ನೇ ಬಿತ್ತರಿಸುತ್ತಿತ್ತು. ಆರಂಭದ ಮುನ್ನಾದಿನ ಸಣ್ಣ ವಿಮಾನವೊಂದು ಪ್ರಸಾರಗೋಪುರಕ್ಕೆ ಬಡಿದು ಗೋಪುರ ಉರುಳಿತು. ಆದರೂ ಎಫ್.ಎಂ. ತರಂಗದ ಮೂಲಕ, ನಿಗದಿಯಾದ ದಿನವೇ ಸುದ್ದಿ ಆರಂಭವಾಯಿತು. ಅಂತಹ ನಿಷ್ಠೆಯಿಂದ ಮೊದಲಾದ ಕೇಂದ್ರವು 50,000 ವ್ಯಾಟ್ ಸಾಮರ್ಥ್ಯದಿಂದ ಐವತ್ತೇಳು ವರ್ಷ ನಡೆಯಿತು.

ಅದರ ಒಡೆತನ ಹೊಂದಿದ್ದ ಅಡೇಸಿ ಸಂಸ್ಥೆಗೆ ಸುಮಾರು 190 ಕೋಟಿ ಡಾಲರಿನ ಸಾಲವಿತ್ತು. 2024ರ ಜನವರಿಯಲ್ಲಿ ಅದು ದಿವಾಳಿ ಸಂರಕ್ಷಣೆಯ ಕಾನೂನಿನ ಆಶ್ರಯ ಪಡೆದಿತ್ತು. ಅದೇ ಸಂಸ್ಥೆಗೆ ನಗರದಲ್ಲಿ 1010 ವಿನ್ಸ್ ಎಂಬ ಮತ್ತೊಂದು ಸುದ್ದಿಕೇಂದ್ರವೂ ಇದ್ದಿತು. ಎರಡು ಸುದ್ದಿಕೇಂದ್ರಗಳನ್ನು ಸಾಕುವುದಕ್ಕಿಂತ ಒಂದನ್ನು ಉಳಿಸಿಕೊಂಡು ಮತ್ತೊಂದರ ತರಂಗವನ್ನು ಕ್ರೀಡೆಗೆ ಬಿಟ್ಟುಕೊಡುವುದು ಲೆಕ್ಕಕ್ಕೆ ಸರಿಯೆನಿಸಿತು. ಆಗಸ್ಟ್ 12ರಂದು ಪ್ರಕಟಣೆ ಹೊರಟಿತು. ಆಗಸ್ಟ್ 26ರಂದು 880 ತರಂಗವು ಡಬ್ಲ್ಯೂ.ಎಚ್.ಎಸ್.ಕ್ಯೂ. ಎಂಬ ಹೊಸ ಸಂಕೇತನಾಮ ಧರಿಸಿ ಇ.ಎಸ್.ಪಿ.ಎನ್. ಕ್ರೀಡಾಜಾಲಕ್ಕೆ ಸೇರಿತು.

ಇಲ್ಲಿ ಯಾವ ಕಾನೂನೂ ಮುರಿಯಲ್ಪಟ್ಟಿಲ್ಲ. ಯಾರ ಸ್ವತ್ತನ್ನೂ ಯಾರೂ ಕಸಿದಿಲ್ಲ. ಆದರೂ ಐವತ್ತು ವರ್ಷ ಬೆಳಗಿನ ಜಾವ ಅದೇ ತರಂಗಕ್ಕೆ ಕಿವಿಕೊಟ್ಟು ಮನೆಯಿಂದ ಹೊರಟ ವೃದ್ಧನೊಬ್ಬನು ಆಗಸ್ಟ್ 26ರಂದು ಗುಂಡಿಯನ್ನು ತಿರುಗಿಸಿದಾಗ ಪರಕೀಯ ದನಿಯನ್ನು ಕೇಳಿರಬೇಕು. ಅವನಿಗೆ ಆದದ್ದು ನಷ್ಟವೇ, ಕೇವಲ ಅಭ್ಯಾಸಭಂಗವೇ?

ಕುಂಭ, ಕಿರೀಟ, ಸುವರ್ಣ

ಉತ್ಪಾದ, ವ್ಯಯ, ಧ್ರೌವ್ಯ ಈ ಮೂರರಿಂದ ಕೂಡಿದುದೇ ಸತ್ ಎಂಬುದು ಜೈನದರ್ಶನದ ಮೂಲ ಸಿದ್ಧಾಂತ. ಇದನ್ನು ತಿಳಿಯಪಡಿಸಲು ಸಮಂತಭದ್ರ ಆಚಾರ್ಯರು ಆಪ್ತಮೀಮಾಂಸೆಯಲ್ಲಿ ಬಂಗಾರದ ದೃಷ್ಟಾಂತವನ್ನು ಕೊಡುತ್ತಾರೆ. ಬಂಗಾರದ ಕುಂಭವನ್ನು ಕರಗಿಸಿ ಕಿರೀಟವನ್ನು ಮಾಡಿದರೆ, ಕುಂಭವನ್ನು ಬಯಸಿದ್ದವನಿಗೆ ಶೋಕ, ಕಿರೀಟವನ್ನು ಬಯಸಿದ್ದವನಿಗೆ ಹರ್ಷ, ಬಂಗಾರವನ್ನಷ್ಟೇ ಬಯಸಿದವನಿಗೆ ಎರಡೂ ಇಲ್ಲ. ನ್ಯೂಯಾರ್ಕಿನ 880ರಲ್ಲಿಯೂ ಈ ಮೂವರನ್ನು ಕಾಣಬಹುದು. ಸುದ್ದಿಯ ಶ್ರೋತೃವಿಗೆ ದುಃಖ, 98.7 ಕೈತಪ್ಪುವುದೆಂದು ಚಿಂತಿಸಿದ್ದ ಕ್ರೀಡಾಪ್ರೇಮಿಗೆ ಸಮಾಧಾನ. ಸಾಲ ಕೊಟ್ಟವನಿಗೆ ತರಂಗವೆಂಬ ಬಂಗಾರ ಎಲ್ಲಿಯೂ ಹೋಗದ್ದರಿಂದ ಯಾವ ವಿಕಾರವೂ ಇಲ್ಲ. ಮೂವರ ಅನುಭವವೂ ಸತ್ಯ. ಮೂರೂ ಏಕದೇಶ ಸತ್ಯ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂರನೆಯವನ ನಿರ್ವಿಕಾರವನ್ನು ಸಮಭಾವವೆಂದು ಭ್ರಮಿಸಬಾರದು. ಸಾಧುವಿನ ಮಾಧ್ಯಸ್ಥ್ಯವು ರಾಗದ್ವೇಷಗಳ ಉಪಶಮದಿಂದ ಹುಟ್ಟುತ್ತದೆ. ಸಾಲಿಗನ ಮಾಧ್ಯಸ್ಥ್ಯವಾದರೋ ಯಾವ ರೂಪವಾದರೂ ಬಡ್ಡಿ ಬರುತ್ತದೆ ಎಂಬ ನಿಶ್ಚಿಂತೆಯಿಂದ ಹುಟ್ಟಿದುದು. ಹೊರನೋಟಕ್ಕೆ ಎರಡೂ ಮೌನವೇ. ಒಳಗೆ ಒಂದು ವಿರಾಗ, ಇನ್ನೊಂದು ಲೋಭದ ವಿಶ್ರಾಂತಿ. ‘ಎಲ್ಲವೂ ಅನಿತ್ಯವಲ್ಲವೇ, ಬದಲಾವಣೆಗೆ ಏಕೆ ಅಳಬೇಕು’ ಎಂದು ಕಳೆದುಕೊಂಡವನಿಗೆ ಗಳಿಸಿದವನು ಉಪದೇಶಿಸಿದರೆ ಅದು ಅನಿತ್ಯಾನುಪ್ರೇಕ್ಷೆಯ ದುರುಪಯೋಗ. ಅನಿತ್ಯತೆಯನ್ನು ಮನುಷ್ಯನು ತನ್ನ ಲಾಭದ ವಿಷಯದಲ್ಲಿ ಮೊದಲು ಚಿಂತಿಸಬೇಕು, ಪರರ ನಷ್ಟದ ವಿಷಯದಲ್ಲಲ್ಲ.

ಕಾನೂನು ಹೇಳಿದುದು

ಶ್ರೋತೃವಿಗೆ ಹಕ್ಕುಂಟೇ ಎಂಬ ಪ್ರಶ್ನೆಯು ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ. ನ್ಯೂಯಾರ್ಕಿನ ಡಬ್ಲ್ಯೂ.ಎನ್.ಸಿ.ಎನ್. ಎಂಬ ಶಾಸ್ತ್ರೀಯ ಸಂಗೀತದ ಕೇಂದ್ರವು 1974ರಲ್ಲಿ ರಾಕ್ ಸಂಗೀತಕ್ಕೆ ಬದಲಾದಾಗ ಕೇಳುಗರು ಸಂಘಟಿತರಾಗಿ ಪ್ರತಿಭಟಿಸಿದರು. 1975ರಲ್ಲಿ ಕೇಂದ್ರವು ಮತ್ತೆ ಶಾಸ್ತ್ರೀಯ ಸಂಗೀತಕ್ಕೆ ಮರಳಿತು. ಆ ಕೇಳುಗರ ಸಂಘದ ಹೆಸರಿನಲ್ಲಿಯೇ ಪ್ರಸಿದ್ಧವಾದ ಮೊಕದ್ದಮೆಯಲ್ಲಿ 1981ರಲ್ಲಿ ತೀರ್ಪು ಬಂದಿತು. ಕಾರ್ಯಕ್ರಮದ ಸ್ವರೂಪ ಬದಲಾದಾಗ ಸರ್ಕಾರದ ಪ್ರಸಾರ ಆಯೋಗವು ಅದನ್ನು ವಿಚಾರಿಸಲೇಬೇಕೆಂಬ ನಿಯಮವಿಲ್ಲ, ವೈವಿಧ್ಯವನ್ನು ಮಾರುಕಟ್ಟೆಗೆ ಬಿಡಬಹುದು ಎಂಬುದು ಅದರ ಸಾರ. ಅದೇ ಕೇಂದ್ರವು 1993ರಲ್ಲಿ ಶಾಸ್ತ್ರೀಯ ಸಂಗೀತವನ್ನು ಪುನಃ ತ್ಯಜಿಸಿತು.

ಆದರೆ ಅದೇ ದೇಶದ ಕಾನೂನಿನಲ್ಲಿ ಇನ್ನೊಂದು ಎಳೆಯೂ ಇದೆ. ತರಂಗವು ಕೇಂದ್ರದ ಸ್ವತ್ತಲ್ಲ. ಸಾರ್ವಜನಿಕ ಹಿತಕ್ಕಾಗಿ ನಿರ್ದಿಷ್ಟ ಅವಧಿಗೆ ಕೊಟ್ಟ ಪರವಾನಗಿ ಮಾತ್ರ. ದೊಡ್ಡ ಜಾಲಗಳು ಊರಿನ ಕೇಂದ್ರಗಳನ್ನು ಕಟ್ಟಿಹಾಕದಂತೆ 1941ರಲ್ಲಿ ಆಯೋಗವು ನಿಯಮಗಳನ್ನು ರಚಿಸಿತು. ಜಾಲವು ಕಳುಹಿಸಿದ ಕಾರ್ಯಕ್ರಮವು ಊರಿಗೆ ಹಿತವಲ್ಲವೆನಿಸಿದರೆ ಅದನ್ನು ನಿರಾಕರಿಸುವ ಅಧಿಕಾರ ಕೇಂದ್ರಕ್ಕಿರಬೇಕೆಂಬುದು ಅವುಗಳಲ್ಲಿ ಮುಖ್ಯವಾದುದು. 1943ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಯಮಗಳನ್ನು ಎತ್ತಿಹಿಡಿಯಿತು. ಮುಂದೆ ರೇಡಿಯೋಗೆ ಸಂಬಂಧಿಸಿದ ಆ ನಿಯಮಗಳಲ್ಲಿ ಹೆಚ್ಚಿನವು ಸಡಿಲಗೊಂಡರೂ ಅವುಗಳ ಹಿಂದಿನ ನೀತಿ ವಿಚಾರಯೋಗ್ಯವಾಗಿದೆ. ಸಂಬಂಧ ಮಾಡಿಕೊಂಡ ಮಾತ್ರಕ್ಕೆ ವಿವೇಕವನ್ನು ಒತ್ತೆಯಿಟ್ಟಂತಾಗಬಾರದು. ಇನ್ನೂ ಒಂದು ನಿಯಮ ಇಂದಿಗೂ ಜಾರಿಯಲ್ಲಿದೆ: ಪ್ರತಿಯೊಂದು ಕೇಂದ್ರವೂ ಗಂಟೆಗೊಮ್ಮೆ ತನ್ನ ಸಂಕೇತನಾಮವನ್ನೂ ತನಗೆ ಪರವಾನಗಿ ದೊರೆತಿರುವ ಊರಿನ ಹೆಸರನ್ನೂ ಹೇಳಬೇಕು. ಜಾಲ ಯಾವುದೇ ಆಗಿರಲಿ, ತಾನು ಯಾರು, ಯಾವ ಊರಿಗೆ ಬದ್ಧ ಎಂಬುದನ್ನು ದಿನಕ್ಕೆ ಅನೇಕ ಬಾರಿ ಬಾಯಿಬಿಟ್ಟು ಹೇಳಿಕೊಳ್ಳುವ ಈ ನಿಯಮವನ್ನು ಕಂಡರೆ, ತ್ರಿಕಾಲ ಸಾಮಾಯಿಕದಲ್ಲಿ ತನ್ನ ಸ್ವರೂಪವನ್ನು ನೆನೆಯುವ ಶ್ರಾವಕನಿಗೆ ಅದರ ಅರ್ಥ ತಿಳಿಯದೆ ಇರದು.

ನ್ಯಾಸಾಪಹಾರ

ಕಾನೂನು ನಿಂತಲ್ಲಿಂದ ಧರ್ಮದ ವಿಚಾರ ಆರಂಭವಾಗುತ್ತದೆ. ಸತ್ಯಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ನ್ಯಾಸಾಪಹಾರ. ನ್ಯಾಸವೆಂದರೆ ನಂಬಿ ಇಟ್ಟ ಠೇವಣಿ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ಬಗೆ ಬಹು ಸೂಕ್ಷ್ಮವಾದುದು. ದ್ರವ್ಯವನ್ನು ಇಟ್ಟವನು ಅದರ ಸಂಖ್ಯೆಯನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿ ಕೇಳಿದಷ್ಟನ್ನು ಕೊಡುತ್ತಾನೆ. ಅಲ್ಲಿ ಬಲಾತ್ಕಾರವಿಲ್ಲ. ಕೇಳಿದುದನ್ನು ಇಲ್ಲವೆಂದಿಲ್ಲ. ಇಟ್ಟವನು ತೃಪ್ತನಾಗಿಯೇ ಮನೆಗೆ ಹೋಗುತ್ತಾನೆ. ಆದರೂ ಅದು ವ್ರತಕ್ಕೆ ಕಳಂಕ. ಈ ದೋಷವನ್ನು ಅಚೌರ್ಯದ ಅಡಿಯಲ್ಲಿ ಇರಿಸದೆ ಸತ್ಯದ ಅಡಿಯಲ್ಲಿ ಇರಿಸಿರುವುದು ವಿಚಾರಾರ್ಹ. ತಪ್ಪು ಇರುವುದು ಕೈಯಲ್ಲಿ ಅಲ್ಲ, ‘ಹೌದು’ ಎಂಬ ಆ ಒಂದು ಮಾತಿನಲ್ಲಿ.

ಶ್ರೋತೃವಿನ ವಿಶ್ವಾಸವು ಇಂತಹ ನ್ಯಾಸ. ವರ್ಷಗಟ್ಟಲೆ ಒಂದು ಕೇಂದ್ರವನ್ನು ಕೇಳಿದವನು ತನ್ನ ಸಮಯವನ್ನು, ತನ್ನ ನಂಬಿಕೆಯನ್ನು ಅಲ್ಲಿ ಜಮಾ ಮಾಡಿದ್ದಾನೆ. ಅದರಿಂದಲೇ ಕೇಂದ್ರದ ನಿಮಿಷಗಳಿಗೆ ಬೆಲೆ ಬಂದಿತು. ಆ ಬೆಲೆಯಿಂದಲೇ ಹೊಸ ಜಾಲದೊಡನೆ ಮಾತುಕತೆ ಸಾಧ್ಯವಾಯಿತು. ಆದರೆ ಶ್ರೋತೃವಿಗೆ ತಾನು ಎಷ್ಟು ಇಟ್ಟಿದ್ದೇನೆಂಬ ಲೆಕ್ಕ ಗೊತ್ತಿಲ್ಲ. ಅವನು ಕೇಳುವುದಿಲ್ಲ, ಕೇಳಿದರೂ ಅತ್ಯಲ್ಪವನ್ನು ಕೇಳುತ್ತಾನೆ. ‘ಏಕೆ ನಿಂತಿತು, ಆ ದನಿ ಇನ್ನೆಲ್ಲಿ ಸಿಗುತ್ತದೆ’ ಎಂದಷ್ಟೇ. ಅವನು ಮರೆತಿರುವುದನ್ನು ನೆನಪಿಸುವ ಹೊಣೆ ಯಾರದು? ಲೆಕ್ಕ ಬಲ್ಲವನದೇ. ಕಾನೂನು ಕೇಳಿದಷ್ಟನ್ನು ಕೊಡು ಎನ್ನುತ್ತದೆ. ವ್ರತವು ಇಟ್ಟಷ್ಟನ್ನು ಕೊಡು ಎನ್ನುತ್ತದೆ.

ಹಾಗಾದರೆ ಕೊಡಬೇಕಾದುದು ಏನು? ಸುದ್ದಿಕೇಂದ್ರವನ್ನು ನಷ್ಟದಲ್ಲಿಯಾದರೂ ಕೊನೆಯವರೆಗೆ ನಡೆಸಬೇಕೆಂದು ಧರ್ಮವು ಹೇಳುವುದಿಲ್ಲ. ಸಾಲ ಮಾಡಿ ದಾನ ಕೊಡುವುದನ್ನು ಯಾವ ಶ್ರಾವಕಾಚಾರವೂ ಹೊಗಳಿಲ್ಲ. ಸಲ್ಲಬೇಕಾದುದು ಮುನ್ಸೂಚನೆ, ನಿಜವಾದ ಕಾರಣ, ಬದಲಿ ದಾರಿಯ ತಿಳಿವಳಿಕೆ, ದುಡಿದ ದನಿಗಳಿಗೆ ಗೌರವದ ಬೀಳ್ಕೊಡುಗೆ. ಅಮೆರಿಕೆಯ ರೇಡಿಯೋ ಉದ್ಯಮದಲ್ಲಿ ನಿನ್ನೆ ಸಂಜೆಯವರೆಗೆ ಮಾತನಾಡಿದವನಿಗೆ ಇಂದು ಬೆಳಗ್ಗೆ ವಿದಾಯ ಹೇಳಲೂ ಅವಕಾಶ ಕೊಡದೆ ಜಾಲವನ್ನು ಬದಲಿಸುವ ರೂಢಿ ಅಪರೂಪವಲ್ಲ. ಅದಕ್ಕೆ ಹೋಲಿಸಿದರೆ 880ರಲ್ಲಿ ಹದಿನಾಲ್ಕು ದಿನ ಮುಂಚಿತವಾಗಿ ತಿಳಿಸಿ, ಹಳೆಯ ನೆನಪುಗಳಿಗೂ ವಿದಾಯಕ್ಕೂ ಸಮಯ ಕೊಟ್ಟುದು ನ್ಯಾಸದ ಒಂದಂಶವನ್ನಾದರೂ ಹಿಂದಿರುಗಿಸಿದಂತೆ. ಐವತ್ತೇಳು ವರ್ಷಕ್ಕೆ ಹದಿನಾಲ್ಕು ದಿನ ಸಾಕೇ ಎಂಬ ಪ್ರಶ್ನೆ ಉಳಿಯುತ್ತದೆ. ಆದರೆ ಶೂನ್ಯಕ್ಕೂ ಹದಿನಾಲ್ಕಕ್ಕೂ ಇರುವ ಅಂತರವು ದಿನಗಳ ಅಂತರವಲ್ಲ, ಭಾವದ ಅಂತರ.

ಸದೃಶವನ್ನು ಬೆರೆಸುವುದು

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ರತ್ನಕರಂಡಕ ಶ್ರಾವಕಾಚಾರವು ಸದೃಶಸನ್ಮಿಶ್ರ ಎಂಬುದನ್ನು ಹೇಳುತ್ತದೆ. ಬೆಲೆಬಾಳುವ ವಸ್ತುವಿನಲ್ಲಿ ಅದನ್ನೇ ಹೋಲುವ ಅಗ್ಗದ ವಸ್ತುವನ್ನು ಬೆರೆಸಿ ಮಾರುವುದು. ತುಪ್ಪದಲ್ಲಿ ಡಾಲ್ಡಾ, ಮೆಣಸಿನಲ್ಲಿ ಪಪ್ಪಾಯಿಯ ಬೀಜ ಬೆರೆಸುವುದನ್ನು ಎಲ್ಲರೂ ಬಲ್ಲರು. ಊರಿನ ಕೇಂದ್ರವು ಊರಿನ ಹೆಸರನ್ನೇ ಹಲಗೆಯ ಮೇಲೆ ಉಳಿಸಿಕೊಂಡು, ಊರಿನ ದನಿಗಳನ್ನು ಒಂದೊಂದಾಗಿ ಕಡಿಮೆ ಮಾಡಿ, ಸಾವಿರ ಮೈಲಿ ದೂರದ ದನಿಯನ್ನು ಸ್ಥಳೀಯವೆಂಬಂತೆ ಕೇಳಿಸುವುದಾದರೆ ಅದು ಈ ದೋಷಕ್ಕೆ ಸಮೀಪಿಸುತ್ತದೆ. ದೂರದ ದನಿ ಕೆಟ್ಟದೆಂದು ಅರ್ಥವಲ್ಲ. ಡಾಲ್ಡಾವನ್ನು ಡಾಲ್ಡಾ ಎಂದೇ ಮಾರಿದರೆ ಅತಿಚಾರವಿಲ್ಲ. ಹಣ ಪಡೆದು ಹೇಳಿದ ಮಾತನ್ನು ಹಣ ಪಡೆದುದೆಂದು ಪ್ರಕಟಿಸಬೇಕೆಂದು ಅಮೆರಿಕೆಯ 1934ರ ಸಂಪರ್ಕ ಶಾಸನವೂ ವಿಧಿಸಿದೆ. ಬೆರಕೆಯ ದೋಷವು ವಸ್ತುವಿನಲ್ಲಿಲ್ಲ, ಮುಚ್ಚಿಡುವುದರಲ್ಲಿದೆ ಎಂಬುದನ್ನು ಲೌಕಿಕ ಶಾಸನವೂ ಧರ್ಮಶಾಸ್ತ್ರವೂ ಒಂದೇ ರೀತಿಯಾಗಿ ಕಂಡಿವೆ.

ಯಾರಿಗೆ ಹೆಸರನ್ನು ಎರವಲು ಕೊಡುವುದು

ಇಲ್ಲಿಯವರೆಗಿನ ವಿಚಾರವನ್ನು ಕೇಳಿದ ಶ್ರಾವಕನು ಆಕ್ಷೇಪಿಸಬಹುದು: ‘ಇಡೀ ದಿನ ಆಟದ ಹರಟೆಯನ್ನು ಬಿತ್ತರಿಸುವುದೇ ವಿಕಥೆಯಲ್ಲವೇ? ಅದರ ಶ್ರೋತೃವಿಗೆ ಯಾವ ನ್ಯಾಸ?’ ಆಕ್ಷೇಪದಲ್ಲಿ ಸತ್ಯವಿದೆ. ಅನರ್ಥದಂಡದ ಐದು ಭೇದಗಳಲ್ಲಿ ಅಪಧ್ಯಾನ ಮತ್ತು ದುಃಶ್ರುತಿ ಸೇರಿವೆ. ಪರರಿಗೆ ಜಯವಾಗಲಿ, ಪರಾಜಯವಾಗಲಿ ಎಂದು ಮನಸ್ಸಿನಲ್ಲಿ ಮೆಲುಕುಹಾಕುವುದನ್ನೇ ಪೂಜ್ಯಪಾದರು ಅಪಧ್ಯಾನದ ಲಕ್ಷಣದಲ್ಲಿ ಮೊದಲು ಹೇಳುತ್ತಾರೆ. ತಾನು ಆಡದ ಆಟದಲ್ಲಿ, ತಾನು ಕಾಣದ ಊರಿನ ತಂಡವು ಸೋಲಲೆಂದು ಗಂಟೆಗಟ್ಟಲೆ ಬಯಸುವುದಕ್ಕೆ ಇದಕ್ಕಿಂತ ಒಪ್ಪುವ ಲಕ್ಷಣ ದೊರೆಯದು. ಆದರೆ ಠೇವಣಿ ಇಟ್ಟವನು ಅವಿವೇಕಿಯೆಂಬ ಕಾರಣದಿಂದ ಠೇವಣಿ ಇಟ್ಟುಕೊಂಡವನ ಹೊಣೆ ಕಡಿಮೆಯಾಗುವುದಿಲ್ಲ. ಶ್ರೋತೃವಿನ ದೋಷ ಶ್ರೋತೃವಿನ ಖಾತೆಗೆ, ಕೇಂದ್ರದ ದೋಷ ಕೇಂದ್ರದ ಖಾತೆಗೆ.

ಇದಕ್ಕಿಂತ ಗಂಭೀರವಾದ ವಿಷಯ ಮತ್ತೊಂದಿದೆ. ಕ್ರೀಡೆಯ ಮೇಲೆ ಪಣ ಕಟ್ಟುವುದನ್ನು ಬಹುತೇಕ ರಾಜ್ಯಗಳಲ್ಲಿ ತಡೆದಿದ್ದ 1992ರ ಶಾಸನವನ್ನು ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವು 2018ರ ಮೇ 14ರಂದು ಅಸಿಂಧುಗೊಳಿಸಿತು. ಅನಂತರ ರಾಜ್ಯದಿಂದ ರಾಜ್ಯಕ್ಕೆ ಪಣದ ವ್ಯಾಪಾರ ಹಬ್ಬಿತು. ಕ್ರೀಡಾ ರೇಡಿಯೋದ ಜಾಹೀರಾತುಗಳಲ್ಲಿ ಅದು ಪ್ರಮುಖ ಸ್ಥಾನ ಪಡೆಯಿತು. 2021ರಲ್ಲಿ ಪಣದ ವಿಷಯಕ್ಕೇ ಮೀಸಲಾದ ರಾಷ್ಟ್ರೀಯ ಜಾಲವೊಂದು ಹುಟ್ಟಿ, ಹಲವು ಕೇಂದ್ರಗಳು ಹಳೆಯ ಹೆಸರನ್ನು ಬಿಟ್ಟು ಪಣವನ್ನೇ ಸೂಚಿಸುವ ಹೆಸರನ್ನು ಧರಿಸಿದವು. ಸಪ್ತವ್ಯಸನಗಳಲ್ಲಿ ದ್ಯೂತಕ್ಕೆ ಮೊದಲ ಸ್ಥಾನ ಕೊಟ್ಟಿರುವುದು ಅಕಾರಣವಲ್ಲ. ಅದು ಉಳಿದವುಗಳಿಗೆ ಬಾಗಿಲು. ಹೊಸ ಸಂಬಂಧದಿಂದ ಬರುವ ಲಾಭದ ಜೊತೆಗೆ ಏನು ಒಳಗೆ ಬರುತ್ತದೆ ಎಂಬುದನ್ನು ನೋಡದೆ ಬಾಗಿಲು ತೆರೆದವನು, ಊರಿನವರು ತನ್ನಲ್ಲಿ ಇಟ್ಟಿದ್ದ ನಂಬಿಕೆಯನ್ನು ಜೂಜುಗಾರನಿಗೆ ಎರವಲು ಕೊಟ್ಟಂತಾಗುತ್ತದೆ. ಅಪರಿಚಿತ ದನಿಯು ‘ಪಣ ಕಟ್ಟಿರಿ’ ಎಂದರೆ ಕೇಳುಗನು ಅನುಮಾನಿಸುತ್ತಾನೆ. ಇಪ್ಪತ್ತು ವರ್ಷ ಪರಿಚಿತವಾದ ದನಿ ಅದನ್ನೇ ಹೇಳಿದರೆ ಅನುಮಾನಿಸುವುದಿಲ್ಲ. ಹಾನಿಯ ಮೂಲ ಈ ಪರಿಚಯವೇ. ಈ ಗಾಳಿ ಭಾರತಕ್ಕೂ ಬೀಸಿದುದರಿಂದಲೇ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಬೇಕಾಯಿತು.

ಮೈಸೂರಿನ ಒಂದು ನೆನಪು

ಊರಿನ ಕೇಂದ್ರವು ರಾಷ್ಟ್ರೀಯ ಜಾಲಕ್ಕೆ ಸೇರಿದಾಗ ಊರು ಯಾವಾಗಲೂ ಕಳೆದುಕೊಳ್ಳುತ್ತದೆಂದು ತಿಳಿಯಬೇಕಾಗಿಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಸಣ್ಣ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಅದರ ಹೆಸರು ‘ಆಕಾಶವಾಣಿ’. ಅದು ಮುಂದೆ ಸಂಸ್ಥಾನದ ಆಶ್ರಯಕ್ಕೆ ಬಂದು, ಸ್ವಾತಂತ್ರ್ಯಾನಂತರ ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನವಾಯಿತು. ಕೇಂದ್ರದ ಸ್ವಾತಂತ್ರ್ಯ ಹೋಯಿತು. ಆದರೆ 1950ರ ದಶಕದಲ್ಲಿ ಆಕಾಶವಾಣಿ ಎಂಬ ಹೆಸರು ಇಡೀ ರಾಷ್ಟ್ರೀಯ ಜಾಲದ ಹೆಸರಾಯಿತು. ಚಿಕ್ಕದು ದೊಡ್ಡದರಲ್ಲಿ ಸೇರಿ ಅಳಿಯುವುದೂ ಉಂಟು, ತನ್ನ ಗುಣವನ್ನು ದೊಡ್ಡದಕ್ಕೆ ಕೊಟ್ಟು ಉಳಿಯುವುದೂ ಉಂಟು. ಪರ್ಯಾಯ ಬದಲಾದರೂ ಗುಣ ಉಳಿಯಿತೇ ಎಂಬುದೇ ನೋಡತಕ್ಕ ವಿಷಯ.

ಸತ್ಕರ್ಮವೂ ಕರ್ಮವೇ

ಪಾಶ್ಚಾತ್ಯರ ರೂಢಿಯಲ್ಲಿ ‘ಗುಡ್ ಕರ್ಮ’ ಎಂದರೆ ಒಳ್ಳೆಯದು ಮಾಡಿದವನಿಗೆ ಒಳ್ಳೆಯದೇ ಮರಳಿ ಬರುತ್ತದೆಂಬ ಸುಲಭವಾದ ಭರವಸೆ. ಜಿನಾಗಮದ ಲೆಕ್ಕ ಇಷ್ಟು ಸುಲಭವಲ್ಲ. ಕಬ್ಬಿಣದ ಸಂಕೋಲೆಯಂತೆ ಚಿನ್ನದ ಸಂಕೋಲೆಯೂ ಬಂಧಿಸುತ್ತದೆಂದು ಕುಂದಕುಂದ ಆಚಾರ್ಯರು ಸಮಯಸಾರದಲ್ಲಿ ಎಚ್ಚರಿಸಿದ್ದಾರೆ. ಅಲ್ಲದೆ ಬಂಧದ ನಾಲ್ಕು ಭೇದಗಳಲ್ಲಿ ಪ್ರಕೃತಿ ಮತ್ತು ಪ್ರದೇಶಗಳು ಯೋಗದಿಂದ, ಅಂದರೆ ಮನೋವಾಕ್ಕಾಯಗಳ ಚಲನೆಯಿಂದ ಆಗುತ್ತವೆ. ಸ್ಥಿತಿ ಮತ್ತು ಅನುಭಾಗಗಳು ಕಷಾಯದಿಂದ ಆಗುತ್ತವೆ. ಇಬ್ಬರು ಒಡೆಯರು ಒಂದೇ ದಿನ, ಒಂದೇ ಬಗೆಯ ಕರಾರಿಗೆ ಸಹಿ ಹಾಕಿ ಜಾಲವನ್ನು ಬದಲಿಸಬಹುದು. ಕೈಯ ಚಲನೆ ಒಂದೇ. ಆದರೆ ಒಬ್ಬನು ನೌಕರರ ಸಂಬಳ ನಿಲ್ಲಬಾರದೆಂಬ ಚಿಂತೆಯಿಂದ, ಕೇಳುಗರಿಗೆ ಆಗುವ ನೋವನ್ನು ಬಲ್ಲವನಾಗಿ ಸಹಿ ಹಾಕುತ್ತಾನೆ. ಇನ್ನೊಬ್ಬನು ಪ್ರತಿಸ್ಪರ್ಧಿಯನ್ನು ಮುಳುಗಿಸಿದೆನೆಂಬ ಹರ್ಷದಿಂದ ಸಹಿ ಹಾಕುತ್ತಾನೆ. ಒಬ್ಬನ ಬಂಧ ಮಂದ, ಇನ್ನೊಬ್ಬನದು ತೀವ್ರ. ಜಾಲವನ್ನು ಬದಲಿಸುವುದು ಧರ್ಮವೋ ಅಧರ್ಮವೋ ಎಂಬ ಪ್ರಶ್ನೆಗೆ ಕರಾರಿನ ಕಾಗದವನ್ನು ನೋಡಿ ಉತ್ತರ ಹೇಳಲಾಗದಿರುವುದು ಇದರಿಂದಲೇ.

ಹಾಗೆಂದು ಅನೇಕಾಂತವನ್ನು ಎಲ್ಲವೂ ಸರಿಯೆಂಬ ಜಾರಿಕೆಯ ಮಾತಾಗಿ ಮಾಡಬಾರದು. ಭಾವ ಶುದ್ಧವಾಗಿದ್ದರೆ ಅದು ನಡತೆಯಲ್ಲಿ ಕಾಣಲೇಬೇಕು. ಮುನ್ಸೂಚನೆ ಕೊಡದೆ ಭಾವಶುದ್ಧಿಯನ್ನು ಹೇಳಿಕೊಳ್ಳುವುದು, ಸಮಿತಿಯನ್ನು ಪಾಲಿಸದೆ ಅಹಿಂಸೆಯನ್ನು ಹೇಳಿಕೊಂಡಂತೆ.

ಟ್ರಸ್ಟುಗಳಿಗೆ ಅನ್ವಯ

ನ್ಯೂಯಾರ್ಕಿನ ಈ ಸಂಗತಿ ಬಸದಿಯ ಟ್ರಸ್ಟಿಗೆ ಸಂಬಂಧಿಸಿದುದಲ್ಲವೆಂದು ತೋರಬಹುದು. ಆದರೆ ಟ್ರಸ್ಟು ಎಂಬ ಪದಕ್ಕೇ ನ್ಯಾಸವೆಂದು ಅರ್ಥ. ನಲವತ್ತು ವರ್ಷಗಳ ಹಿಂದೆ ವೃದ್ಧೆಯೊಬ್ಬಳು ತನ್ನ ಬಳೆಯನ್ನು ಮಾರಿ, ಪತಿಯ ಹೆಸರಿನಲ್ಲಿ ವರ್ಷಕ್ಕೊಮ್ಮೆ ಅಭಿಷೇಕ ನಡೆಯಲೆಂದು ಶಾಶ್ವತ ನಿಧಿಯನ್ನು ಇಟ್ಟಿರುತ್ತಾಳೆ. ಅವಳ ಮಕ್ಕಳು ಮುಂಬಯಿಯಲ್ಲಿ, ಮೊಮ್ಮಕ್ಕಳು ಪರದೇಶದಲ್ಲಿ. ತಿಥಿ ಯಾವುದೆಂದು ಅವರಿಗೆ ಗೊತ್ತಿಲ್ಲ, ಯಾರೂ ಕೇಳುವುದಿಲ್ಲ. ಕೇಳದಿದ್ದುದನ್ನು ಕೊಡದೆ ಸುಮ್ಮನಿರುವುದೂ ಆ ‘ಹೌದು, ಅಷ್ಟೇ’ ಎಂಬ ಮಾತಿನ ಮೌನರೂಪವೇ. ಟ್ರಸ್ಟು ನಡೆಸುವ ಶಾಲೆಯು ಒಂದು ಪರೀಕ್ಷಾಮಂಡಳಿಯಿಂದ ಮತ್ತೊಂದಕ್ಕೆ ಸಂಯೋಜನೆ ಬದಲಿಸುವಾಗ ಸಭೆಯಲ್ಲಿ ಇರುವವರು ಧರ್ಮದರ್ಶಿಗಳು, ಸಹಿ ಹಾಕುವವರು ಅಧಿಕಾರಿಗಳು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಕೂಲಿಕಾರನ ಮಗಳು ಹೊಸ ಶುಲ್ಕವನ್ನು ಕಟ್ಟಬಲ್ಲಳೇ ಎಂದು ಕೇಳುವವರು ಯಾರು? ಅವಳ ತಂದೆ ಕೇಳುವುದಿಲ್ಲ. ವರ್ಗಾವಣೆ ಪತ್ರವನ್ನಷ್ಟೇ ಕೇಳುತ್ತಾನೆ. ಅದನ್ನು ಕೊಟ್ಟರೆ ಅವನು ಕೇಳಿದುದನ್ನು ಕೊಟ್ಟಂತಾಯಿತು, ಅವನು ಇಟ್ಟಿದ್ದುದನ್ನಲ್ಲ.

ಆದುದರಿಂದ ಸಂಬಂಧವನ್ನು ಬದಲಿಸುವ ಮುನ್ನ ಶ್ರಾವಕನು ನಾಲ್ಕು ವಿಷಯಗಳನ್ನು ಪರೀಕ್ಷಿಸಬೇಕು. ಮೊದಲನೆಯದು, ಸಹಿ ಹಾಕದೆ ನಂಬಿದವರು ಯಾರು ಯಾರು. ಎರಡನೆಯದು, ಅವರು ಮರೆತಿರುವ ಲೆಕ್ಕವೇನು. ಮೂರನೆಯದು, ಹೊಸ ಸಂಬಂಧದೊಡನೆ ಮನೆಯೊಳಗೆ ಬರುವುದು ಏನು, ಅಹಿತವಾದುದನ್ನು ನಿರಾಕರಿಸುವ ಅಧಿಕಾರ ಉಳಿದಿದೆಯೇ. ನಾಲ್ಕನೆಯದು, ಹಳಬರಿಗೆ ನಿಜವಾದ ಕಾರಣವನ್ನು ಅವರ ಮುಂದೆಯೇ ನಿಂತು ಹೇಳುವ ಧೈರ್ಯವಿದೆಯೇ. ನಾಲ್ಕನ್ನೂ ನೋಡಿ ಬದಲಿಸಿದವನು ಕ್ಷಮಾವಣಿ ದಿನದಂದು ಕೈಮುಗಿದಾಗ ಆ ಕೈಮುಗಿತಕ್ಕೆ ಅರ್ಥವಿರುತ್ತದೆ.

ಕೊನೆಯದಾಗಿ ಒಂದು ಮಾತು. ಶ್ರಾವಕ ಎಂಬ ಪದಕ್ಕೆ ಕೇಳುವವನು ಎಂದೇ ಅರ್ಥ. ಗೃಹಸ್ಥನಿಗೆ ಆಚಾರ್ಯರು ಕೊಟ್ಟ ಹೆಸರು ದಾನಿ ಎಂದಲ್ಲ, ಧನಿಕ ಎಂದಲ್ಲ, ಕೇಳುಗ ಎಂದು. ಕಿವಿಯನ್ನು ಎಲ್ಲಿ ಇಡುತ್ತಾನೆ ಎಂಬುದು ಅವನ ಮೊದಲ ಆಯ್ಕೆ, ಮೊದಲ ಠೇವಣಿ. ಅದನ್ನು ಪಡೆದವನು ಲೆಕ್ಕ ಒಪ್ಪಿಸಬೇಕಾದಂತೆಯೇ ಇಡುವವನೂ ಎಲ್ಲಿ, ಎಷ್ಟು ಇಟ್ಟೆನೆಂದು ಎಣಿಸಿ ಇಡಬೇಕು. ಎಣಿಸದೆ ಇಟ್ಟವನಿಗೆ ಕಡಿಮೆ ಕೇಳುವ ಮರೆವು ಬರುತ್ತದೆ. ಆ ಮರೆವೇ ಇನ್ನೊಬ್ಬನ ಅತಿಚಾರಕ್ಕೆ ಅವಕಾಶವಾಗುತ್ತದೆ.